ನೀರು ತಾಗಿದರೆ ವಿಷಗಾಳಿ ಬಿಡುವ ಕೆಮಿಕಲ್ ಚೆಲ್ಲಿದಾಗ: ಯಾವುದು ಮೊದಲು, ಯಾವುದು ಆಮೇಲೆ

ಅಣಕು ಡ್ರಿಲ್ ಇರಲಿ, ನಿಜವಾದ ಸೋರಿಕೆ ಇರಲಿ, ಜನ ಎಡವುವುದು ಒಂದೇ ಜಾಗದಲ್ಲಿ. ನೆಲದ ಮೇಲೆ ಏನೋ ಚೆಲ್ಲಿ ಬಿಳಿ ಹೊಗೆ ಎದ್ದಿತು ಅಂದರೆ ಸಾಕು, ಯಾರೋ ಒಬ್ಬರು ನೀರಿನ ಪೈಪ್ ಹಿಡಿದು ಓಡುತ್ತಾರೆ. ಬೇರೆ ಆ್ಯಸಿಡ್‌ಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಅದು ಕೈಗೆ ಅಂಟಿದ ಅಭ್ಯಾಸ. ಆದರೆ ಥಯೋನೈಲ್ ಕ್ಲೋರೈಡ್, ಫಾಸ್ಫರಸ್ ಆಕ್ಸಿಕ್ಲೋರೈಡ್, ಫಾಸ್ಫರಸ್ ಟ್ರೈಕ್ಲೋರೈಡ್, ಓಲಿಯಂ (ಹೊಗೆಯಾಡುವ ಸಲ್ಫ್ಯೂರಿಕ್ ಆ್ಯಸಿಡ್), ಕ್ಲೋರೋಸಲ್ಫೋನಿಕ್ ಆ್ಯಸಿಡ್ ಇಂಥವುಗಳ ಮೇಲೆ ನೀರು ಬಿಟ್ಟರೆ ಸೋರಿಕೆ ತೊಳೆದುಹೋಗುವುದಿಲ್ಲ, ಹತ್ತು ಪಟ್ಟು ದೊಡ್ಡದಾಗುತ್ತದೆ.

ಔಷಧಿಯ ಮೂಲವಸ್ತು ತಯಾರಿಸುವ ಕಾರ್ಖಾನೆಗಳಲ್ಲಿ ಇವು ದಿನಬಳಕೆಯ ಸರಕು. ರಾಯಚೂರಿನ ಸುತ್ತ ಅಂಥ ಕಾರ್ಖಾನೆಗಳಿವೆ. ಹೈದರಾಬಾದ್ ಕಡೆಯಿಂದ ಶಕ್ತಿನಗರದ ಮೇಲೆ ಬರುವ ರಸ್ತೆ, ಹೊಸಪೇಟೆ-ಕೊಪ್ಪಳ ಹೆದ್ದಾರಿ, ಎರಡರಲ್ಲೂ ಕೆಮಿಕಲ್ ಟ್ಯಾಂಕರ್ ಓಡಾಡುತ್ತವೆ. ಹಾಗಾಗಿ ಇದು ಕಾರ್ಖಾನೆಯವರಿಗೆ ಮಾತ್ರ ಅಲ್ಲ, ರಸ್ತೆ ಬದಿಯ ಊರಿನವರಿಗೂ, ಡ್ರೈವರ್‌ಗಳಿಗೂ ಬರೆದದ್ದು. ಹಂತ 1ರಿಂದ 4 ಯಾರು ಬೇಕಾದರೂ ಮಾಡಬಹುದು, ಮಾಡಲೇಬೇಕು. ಹಂತ 5ರಿಂದ ಮುಂದಿನದು ತರಬೇತಿ ಆಗಿರುವ, ಬೆನ್ನಿಗೆ ಗಾಳಿ ಸಿಲಿಂಡರ್ ಇರುವ ತಂಡಕ್ಕೆ ಮಾತ್ರ. ಈ ಗೆರೆ ದಾಟಬೇಡಿ.

## ಮೊದಲು ನೀರಿನ ಲೆಕ್ಕ

ಇದು ಗೊತ್ತಿಲ್ಲದೆ ಮುಂದಿನ ಒಂದು ಹಂತವೂ ಸರಿಯಾಗಿ ಆಗುವುದಿಲ್ಲ.

ಥಯೋನೈಲ್ ಕ್ಲೋರೈಡ್ ನೀರಿನ ಜೊತೆ ಸೇರಿದರೆ ಎರಡು ಅನಿಲ ಹುಟ್ಟುತ್ತವೆ: ಹೈಡ್ರೋಜನ್ ಕ್ಲೋರೈಡ್ ಮತ್ತು ಸಲ್ಫರ್ ಡೈಆಕ್ಸೈಡ್. ಒಂದು ಲೀಟರ್ ದ್ರವ ಪೂರ್ತಿಯಾಗಿ ಹಾಗೆ ಒಡೆದರೆ ಸುಮಾರು ಸಾವಿರ ಲೀಟರ್ ಅನಿಲ ಆಗುತ್ತದೆ. ಒಂದು ಲೀಟರಿಗೆ ಇಷ್ಟಾದರೆ ಒಂದು ಡ್ರಮ್ಮಿಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಫಾಸ್ಫರಸ್‌ನ ಎರಡೂ ಕ್ಲೋರೈಡ್‌ಗಳು ಹೈಡ್ರೋಜನ್ ಕ್ಲೋರೈಡ್ ಬಿಡುತ್ತವೆ, ಜೊತೆಗೆ ಫಾಸ್ಫರಸ್‌ನ ಆ್ಯಸಿಡ್ ಉಳಿಯುತ್ತದೆ. ಓಲಿಯಂ ಮೇಲೆ ನೀರು ಬಿದ್ದರೆ ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಸಿಡಿಯುತ್ತದೆ, ದಟ್ಟವಾದ ಆ್ಯಸಿಡ್ ಮಂಜು ಏಳುತ್ತದೆ.

ಫಾಸ್ಫರಸ್ ಆಕ್ಸಿಕ್ಲೋರೈಡ್ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ಅದು ನೀರಿಗಿಂತ ಭಾರ, ಒಂದು ಲೀಟರ್ ಒಂದೂವರೆ ಕಿಲೋಗಿಂತ ಮೇಲೆ ತೂಗುತ್ತದೆ. ನೀರು ಹಾಕಿದ ಕೂಡಲೇ ಏನೂ ಆಗದ ಹಾಗೆ ಅದು ಅಡಿಯಲ್ಲಿ ಪದರವಾಗಿ ಕೂತಿರಬಹುದು. ನೋಡಿದವರು "ಏನೂ ಆಗಲಿಲ್ಲ, ಇನ್ನೂ ನೀರು ಬಿಡಿ" ಅನ್ನುತ್ತಾರೆ. ಅಡಿಯಲ್ಲಿ ನಿಧಾನಕ್ಕೆ ಬಿಸಿ ಏರುತ್ತಿರುತ್ತದೆ, ಆಮೇಲೆ ಎಲ್ಲಾ ಒಮ್ಮೆಗೇ ಕುದಿದು ಎದ್ದುಬಿಡುತ್ತದೆ. ಸುಮ್ಮನಿದೆ ಅಂತ ನಂಬಬೇಡಿ.

ಹಾಗಾದರೆ ನೀರು ಎಲ್ಲಿ ಬೇಕು, ಎಲ್ಲಿ ಬೇಡ? ಚೆಲ್ಲಿದ ದ್ರವದ ಮೇಲೆ, ಸೋರುವ ಜಾಗದ ಮೇಲೆ, ಡ್ರಮ್ಮಿನ ಒಳಗೆ ಬೇಡವೇ ಬೇಡ. ಮನುಷ್ಯನ ಮೈಮೇಲೆ ಬಿದ್ದಿದ್ದರೆ ಬೇಕು, ಅದೂ ಧಾರಾಳವಾಗಿ. ಗಾಳಿಯಲ್ಲಿ ಹೋಗುತ್ತಿರುವ ಹೊಗೆಯನ್ನು ತಗ್ಗಿಸಲು ಮಂಜಿನ ಹಾಗೆ ನೀರು ಸಿಂಪಡಿಸಬಹುದು, ಆದರೆ ಅದು ಅಗ್ನಿಶಾಮಕ ದಳದವರ ಕೆಲಸ, ಆ ಹನಿ ದ್ರವದ ಮೇಲೆ ಬೀಳದ ಹಾಗೆ ದೂರದಿಂದ ಮಾಡುವ ಕೆಲಸ.

## ಇವು ಸೋರಿಕೆಗೆ ಮೊದಲೇ ಇರಬೇಕು

ಸೋರಿದ ಮೇಲೆ ಹುಡುಕಲು ಹೋದರೆ ಯಾವುದೂ ಸಿಗುವುದಿಲ್ಲ.

ಒಣ ಉಸುಕು. ಎಲ್ಲಾ ಕಡೆ ಕೆಂಪು ಬಕೆಟ್ ನೇತುಹಾಕಿರುತ್ತಾರೆ, ಒಳಗಿರುವ ಉಸುಕು ಮಳೆಗೆ ನೆನೆದಿರುತ್ತದೆ. ನದಿಯಿಂದ ಬಂದ ಉಸುಕಿನ ರಾಶಿಯೂ ಅಷ್ಟೆ, ಮೇಲೆ ಒಣಗಿದಂತೆ ಕಂಡರೂ ಗೇಣು ಕೆಳಗೆ ತೇವ ಇರುತ್ತದೆ. ಮುಷ್ಟಿಯಲ್ಲಿ ಹಿಡಿದು ಹಿಚುಕಿ ನೋಡಿ, ಉಂಡೆ ಕಟ್ಟಿದರೆ ಅದು ಕೆಲಸಕ್ಕೆ ಬಾರದು. ಬೇಸಿಗೆಯಲ್ಲಿ ತಗಡಿನ ಮೇಲೆ ಹರವಿ ಚೆನ್ನಾಗಿ ಒಣಗಿಸಿ, ಅಥವಾ ಹುರಿದು ಆರಿಸಿ, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿಡಿ. ಎಷ್ಟು ಬೇಕು? 200 ಲೀಟರ್ ದ್ರವ ಹೀರಲು 600ರಿಂದ 800 ಲೀಟರ್ ಉಸುಕು ಬೇಕು, ಅಂದರೆ ಒಂದು ಟನ್ ಹತ್ತಿರ. ಎರಡು ಬಕೆಟ್ ಇಟ್ಟುಕೊಂಡು ಡ್ರಮ್ ಸೋರಿಕೆಗೆ ಸಿದ್ಧ ಅಂತ ಹೇಳಬಾರದು. ವರ್ಮಿಕ್ಯುಲೈಟ್ (ದ್ರವ ಹೀರುವ ಒಂದು ಖನಿಜ) ಸಿಕ್ಕರೆ ಅದೂ ಒಳ್ಳೆಯದು, ಹಗುರ.

ಉಸಿರಾಟದ ಸೆಟ್. ಬೆನ್ನಿಗೆ ಸಿಲಿಂಡರ್ ಹಾಕಿಕೊಳ್ಳುವ ಸೆಟ್ಟೇ ಆಗಬೇಕು. ಮೂಗಿನ ಮುಂದೆ ಡಬ್ಬಿ ಇರುವ ಕಾರ್ಟ್ರಿಡ್ಜ್ ಮಾಸ್ಕ್ ಓಡಿ ಹೊರಬರಲು ಸರಿ, ಒಳಗೆ ನಿಂತು ಕೆಲಸ ಮಾಡಲು ಸಾಲದು. ಹೈಡ್ರೋಜನ್ ಕ್ಲೋರೈಡ್ 50 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 50 ಪಾಲು), ಸಲ್ಫರ್ ಡೈಆಕ್ಸೈಡ್ 100 ಪಿಪಿಎಂ ಮುಟ್ಟಿದರೆ ಪ್ರಾಣಕ್ಕೆ ನೇರ ಅಪಾಯ. ಚೆಲ್ಲಿದ ಜಾಗದಲ್ಲಿ ಆ ಮಟ್ಟ ದಾಟಲು ಹೊತ್ತು ಬೇಕಾಗುವುದಿಲ್ಲ.

ಸೂಟ್, ಗ್ಲೌಸ್, ಬೂಟ್. ಥಯೋನೈಲ್ ಕ್ಲೋರೈಡಿಗೆ ತೆಳು ಲೇಟೆಕ್ಸ್ ಗ್ಲೌಸ್ ಏನೂ ಅಲ್ಲ, ನೈಟ್ರೈಲ್ ಕೂಡ ಬೇಗ ಸೋಲುತ್ತದೆ. ಕೆಮಿಕಲ್ ಜೊತೆ ಕಂಪನಿ ಕೊಡುವ ಸುರಕ್ಷತಾ ಪತ್ರದ (ಎಸ್‌ಡಿಎಸ್) 8ನೇ ಭಾಗದಲ್ಲಿ ಯಾವ ಗ್ಲೌಸ್ ಅಂತ ಬರೆದಿರುತ್ತದೆ, ಅದನ್ನೇ ತರಿಸಿ.

ಇನ್ನುಳಿದದ್ದು: ಕಿಡಿ ಹಾರದ ಸಲಿಕೆ, ದಪ್ಪ ಪ್ಲಾಸ್ಟಿಕ್ ಹಾಳೆ ಅಥವಾ ತೂತಿಲ್ಲದ ತಾಡಪತ್ರಿ, ಖಾಲಿ ಮತ್ತು ಪೂರ್ತಿ ಒಣಗಿದ ಪ್ಲಾಸ್ಟಿಕ್ ಡ್ರಮ್‌ಗಳು, ಗಟಾರದ ಬಾಯಿ ಮುಚ್ಚುವ ಮ್ಯಾಟ್, ಪುಡಿ ರೂಪದ ಸೋಡಾ ಆಶ್ (ಆ್ಯಸಿಡ್ ಸತ್ವ ಕಳೆಯುವ ಸೋಡಿಯಂ ಕಾರ್ಬೋನೇಟ್), ಡ್ರೈ ಪೌಡರ್ ಬೆಂಕಿ ನಂದಕ.

ಎಮರ್ಜೆನ್ಸಿ ಶವರ್. ಕೆಲಸ ಮಾಡುವ ಜಾಗದಿಂದ ಹತ್ತು ಸೆಕೆಂಡಿನಲ್ಲಿ ಮುಟ್ಟುವಂತಿರಬೇಕು. ನಮ್ಮ ಕಡೆ ಇದರಲ್ಲಿ ಯಾರೂ ಗಮನಿಸದ ಒಂದು ತೊಂದರೆ ಇದೆ. ಏಪ್ರಿಲ್-ಮೇನಲ್ಲಿ ಬಿಸಿಲಿಗೆ ಬಿದ್ದಿರುವ ಕಬ್ಬಿಣದ ಪೈಪಿನ ನೀರು ಮೈಗೆ ಹಾಕಿಕೊಳ್ಳಲಾರದಷ್ಟು ಕಾದಿರುತ್ತದೆ. ಮೊದಲೇ ಆ್ಯಸಿಡ್ ಬಿದ್ದ ಚರ್ಮ, ಮೇಲೆ ಸುಡುನೀರು. ಮನುಷ್ಯ ಇಪ್ಪತ್ತು ನಿಮಿಷ ನಿಲ್ಲಬೇಕಾದ ಕಡೆ ಅರ್ಧ ನಿಮಿಷಕ್ಕೆ ಹೊರಗೆ ಓಡುತ್ತಾನೆ. ಟ್ಯಾಂಕಿಗೆ ನೆರಳು ಮಾಡಿ, ಪೈಪಿಗೆ ಹೊದಿಕೆ ಸುತ್ತಿ, ಮಧ್ಯಾಹ್ನ ಎರಡು ಗಂಟೆಗೆ ಕೈ ಇಟ್ಟು ಪರೀಕ್ಷೆ ಮಾಡಿ. ಬೆಳಿಗ್ಗೆ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

## ಹಂತ 1: ಹಿಂದೆ ಸರಿಯಿರಿ, ಗಾಳಿ ನೋಡಿ

ಕೂಗಿ ಎಲ್ಲರಿಗೂ ತಿಳಿಸಿ, ಅಲಾರಂ ಒತ್ತಿ, ಹೊರಡಿ. ಯಾವ ಕಡೆಗೆ? ಗಾಳಿ ಎಲ್ಲಿಂದ ಬೀಸುತ್ತಿದೆಯೋ ಆ ಕಡೆಗೆ. ನೀವೇ ಹೊಗೆಯ ದಾರಿಯಲ್ಲಿದ್ದರೆ ಹೊಗೆಯನ್ನು ಸೀಳಿಕೊಂಡು ಹೋಗಬೇಡಿ, ಅದಕ್ಕೆ ಅಡ್ಡವಾಗಿ ಪಕ್ಕಕ್ಕೆ ಸರಿದು ಆಮೇಲೆ ಗಾಳಿಯ ಎದುರಿಗೆ ತಿರುಗಿ. ಈ ಆವಿ ಗಾಳಿಗಿಂತ ಭಾರ, ಆದ್ದರಿಂದ ಎತ್ತರದ ಜಾಗ ಹಿಡಿಯಿರಿ. ಹಳ್ಳ, ಸೇತುವೆಯ ಕೆಳಗೆ, ನೆಲಮಾಳಿಗೆ, ಪಂಪ್ ಇರುವ ಗುಂಡಿ ಬೇಡ.

ಗಾಳಿಯ ದಿಕ್ಕಿಗೆ ವಿಂಡ್‌ಸಾಕ್ (ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ) ನೋಡಿ, ಇಲ್ಲದಿದ್ದರೆ ಸ್ವಲ್ಪ ಒಣ ಮಣ್ಣು ತೂರಿ ನೋಡಿ. ಗಿಣಿಗೇರಾ, ತೋರಣಗಲ್ಲು ಕಡೆಯವರು ಚಿಮಣಿಯ ಹೊಗೆ ನೋಡಿ ಹೇಳುವ ರೂಢಿ ಇದೆ. ಮೇಲಿನ ಗಾಳಿ ಒಂದು ಕಡೆ, ನೆಲದ ಗಾಳಿ ಇನ್ನೊಂದು ಕಡೆ ಇರಬಹುದು, ಹಾಗಾಗಿ ಅದೊಂದನ್ನೇ ನಂಬಬೇಡಿ.

ಎಲ್ಲಾ ದಿಕ್ಕಿಗೂ ಕನಿಷ್ಠ 50 ಮೀಟರ್ ಯಾರೂ ಇರಬಾರದು. ಹೊಗೆ ಹೋಗುವ ದಿಕ್ಕಿನಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ದೂರ ಖಾಲಿ ಮಾಡಿಸಬೇಕು, ದ್ರವ ನೀರಿಗೆ ಇಳಿದಿದ್ದರೆ ಇನ್ನೂ ಜಾಸ್ತಿ. ಟ್ಯಾಂಕರ್‌ಗೆ ಬೆಂಕಿ ಹತ್ತಿದ್ದರೆ 800 ಮೀಟರ್.

ರಸ್ತೆಯ ಮೇಲೆ ಆದರೆ ಮೊಬೈಲ್ ಹಿಡಿದು ವಿಡಿಯೋ ಮಾಡಲು ಜನ ಮುತ್ತುತ್ತಾರೆ. ಅವರನ್ನು ಹಿಂದಕ್ಕೆ ಕಳಿಸುವುದು ಮೊದಲ ಕೆಲಸ. ಡ್ರಮ್ ಎತ್ತಿ ಸಹಾಯ ಮಾಡಲು ಬರುವ ಒಳ್ಳೆಯ ಮನಸ್ಸಿನವರನ್ನೂ ತಡೆಯಿರಿ, ಹೆಚ್ಚಾಗಿ ಉಸಿರು ಕಟ್ಟಿ ಬೀಳುವವರು ಅವರೇ.

ಹೊಗೆಯ ದಾರಿಯಲ್ಲಿ ಊರಿದ್ದು ಜನರನ್ನು ಹೊರಗೆ ಕಳಿಸಲು ಸಮಯ ಇಲ್ಲ ಅಂದರೆ, ಮನೆಯೊಳಗೆ ಹೋಗಿ ಬಾಗಿಲು ಕಿಟಕಿ ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಲು ಹೇಳಿ. ಏರ್ ಕೂಲರ್ ಕೂಡಲೇ ಬಂದ್ ಮಾಡಿಸಿ. ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಒಳಗೆ ಬಿಡುತ್ತದೆ, ಕಿಟಕಿ ಹಾಕಿ ಕೂಲರ್ ಓಡಿಸಿದರೆ ಕಿಟಕಿ ಹಾಕಿದ್ದು ದಂಡ. ಬೇಸಿಗೆಯ ರಾತ್ರಿ ಆಗಿದ್ದರೆ ಮಾಳಿಗೆ ಮೇಲೆ, ಅಂಗಳದಲ್ಲಿ ಮಲಗಿದವರನ್ನು ಎಬ್ಬಿಸಿ. ರಾತ್ರಿ ಗಾಳಿ ನಿಂತಾಗ ಹೊಗೆ ಚದುರದೆ ನೆಲ ಹಿಡಿದು ಹರಿಯುತ್ತದೆ.

## ಹಂತ 2: ಏನು ಚೆಲ್ಲಿದೆ ಅಂತ ದೂರದಿಂದಲೇ ಓದಿ

ಹತ್ತಿರ ಹೋಗಿ ಮೂಸಿ ನೋಡುವುದಲ್ಲ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಓದಿ.

ಟ್ಯಾಂಕರ್ ಮೇಲೆ ತುರ್ತು ಮಾಹಿತಿ ಫಲಕ ಇರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅದರಲ್ಲಿ ವಸ್ತುವಿನ ಹೆಸರು, ನಾಲ್ಕು ಅಂಕಿಯ ಯುಎನ್ ಸಂಖ್ಯೆ (ಅಪಾಯಕಾರಿ ವಸ್ತುವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ), ತುರ್ತು ಫೋನ್ ನಂಬರ್ ಇರುತ್ತವೆ. ಈ ಐದು ಸಂಖ್ಯೆ ಗೋಡೆಗೆ ಬರೆದಿಡಿ: 1836 ಥಯೋನೈಲ್ ಕ್ಲೋರೈಡ್, 1810 ಫಾಸ್ಫರಸ್ ಆಕ್ಸಿಕ್ಲೋರೈಡ್, 1809 ಫಾಸ್ಫರಸ್ ಟ್ರೈಕ್ಲೋರೈಡ್, 1831 ಓಲಿಯಂ, 1754 ಕ್ಲೋರೋಸಲ್ಫೋನಿಕ್ ಆ್ಯಸಿಡ್.

ಅದೇ ಫಲಕದಲ್ಲಿ ತುರ್ತಿನಲ್ಲಿ ಏನು ಮಾಡಬೇಕು ಅಂತ ಹೇಳುವ ಹ್ಯಾಜ್‌ಕೆಮ್ ಕೋಡ್ ಇರುತ್ತದೆ, ಉದಾಹರಣೆಗೆ 4ಡಬ್ಲ್ಯೂಇ (4WE). ಮೊದಲ ಅಂಕಿ 4 ಅಂದರೆ ಒಣ ವಸ್ತು ಮಾತ್ರ, ನೀರು ತಾಗಬಾರದು. ಡಬ್ಲ್ಯೂ ಅಂದರೆ ಪೂರ್ತಿ ಮೈ ಮುಚ್ಚುವ ಸೂಟ್ ಬೇಕು, ಜೋರಾಗಿ ಸಿಡಿಯಬಹುದು, ಗಟಾರಕ್ಕೆ ಬಿಡದೆ ಅಲ್ಲೇ ತಡೆಯಬೇಕು. ಇ ಅಂದರೆ ಜನರನ್ನು ಖಾಲಿ ಮಾಡಿಸುವ ಯೋಚನೆ ಮಾಡಿ. ಇಷ್ಟು ಅರ್ಥ ಮಾಡಿಕೊಂಡರೆ ಅರ್ಧ ನಿರ್ಧಾರ ಆದಂತೆ. ಡ್ರೈವರ್ ಹತ್ತಿರ ಟ್ರೆಮ್ ಕಾರ್ಡ್ (ಸಾಗಿಸುವ ವಸ್ತುವಿನ ತುರ್ತು ಮಾಹಿತಿ ಬರೆದ ಕಾರ್ಡ್) ಇರಬೇಕು, ಕೇಳಿ ತೆಗೆದುಕೊಳ್ಳಿ. ಕ್ಯಾಬಿನ್ ಹೊಗೆಯಲ್ಲಿದ್ದರೆ ಕಾರ್ಡ್ ತರಲು ಯಾರೂ ಒಳಗೆ ಹೋಗಬಾರದು.

ಕಾರ್ಖಾನೆಯಲ್ಲಾದರೆ ಸುರಕ್ಷತಾ ಪತ್ರ ತೆಗೆಯಿರಿ. ಹದಿನಾರು ಭಾಗವನ್ನೂ ಆ ಹೊತ್ತಿನಲ್ಲಿ ಓದಬೇಕಿಲ್ಲ, 4, 5, 6, 8, 10 ನೋಡಿ. ಲೇಬಲ್ ಮೇಲೆ ಇಯುಎಚ್ 014 (EUH014) ಅನ್ನುವ ಅಪಾಯ ಸಂಕೇತ ಇದ್ದರೆ ನೀರಿನ ಜೊತೆ ಜೋರಾಗಿ ವರ್ತಿಸುತ್ತದೆ, ಇಯುಎಚ್ 029 ಇದ್ದರೆ ನೀರು ತಾಗಿದಾಗ ವಿಷಾನಿಲ ಬಿಡುತ್ತದೆ ಅಂತ ಅರ್ಥ.

ಏನೂ ಗೊತ್ತಾಗಲಿಲ್ಲವಾ? ಒಣ ನೆಲದ ಮೇಲೆ ಬಿದ್ದ ದ್ರವ ತಾನಾಗೇ ಬಿಳಿ ಹೊಗೆ ಬಿಡುತ್ತಿದ್ದರೆ, ಮೂಗು ಕಣ್ಣು ಉರಿದರೆ, ನೀರು ಬೇಡ ಅಂತಲೇ ತಿಳಿದು ಮುಂದುವರಿಯಿರಿ.

## ಹಂತ 3: ಫೋನ್ ಮಾಡಿ, ಪೂರ್ತಿ ಹೇಳಿ

112ಕ್ಕೆ ಮಾಡಿ. ಅಗ್ನಿಶಾಮಕಕ್ಕೆ ನೇರವಾಗಿ 101, ಆಂಬ್ಯುಲೆನ್ಸ್‌ಗೆ 108, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077. ಫಲಕದ ಮೇಲಿರುವ ಕಂಪನಿಯ ನಂಬರಿಗೂ ಮಾಡಿ, ಆ ವಸ್ತುವಿನ ಬಗ್ಗೆ ಹೆಚ್ಚು ತಿಳಿದವರು ಅವರೇ.

"ಗ್ಯಾಸ್ ಲೀಕ್ ಆಗಿದೆ, ಬೇಗ ಬನ್ನಿ" ಅಂತ ಇಟ್ಟುಬಿಟ್ಟರೆ ನೀರು ತುಂಬಿದ ಗಾಡಿ ಬಂದು ನಿಲ್ಲುತ್ತದೆ. ಇಷ್ಟು ಹೇಳಿ: ಜಾಗ ಮತ್ತು ಹತ್ತಿರದ ಗುರುತು, ವಸ್ತುವಿನ ಹೆಸರು ಮತ್ತು ಯುಎನ್ ಸಂಖ್ಯೆ, ಎಷ್ಟು ಚೆಲ್ಲಿದೆ, ಇನ್ನೂ ಸೋರುತ್ತಿದೆಯಾ, ಗಾಳಿ ಯಾವ ಕಡೆಗೆ, ಎಷ್ಟು ಜನರಿಗೆ ಏಟಾಗಿದೆ, ಗಾಡಿ ಯಾವ ಕಡೆಯಿಂದ ಬರಬೇಕು. ಕೊನೆಯಲ್ಲಿ ಬಿಡಿಸಿ ಹೇಳಿ: "ಇದಕ್ಕೆ ನೀರು ತಾಗಬಾರದು, ಡ್ರೈ ಪೌಡರ್ ಮತ್ತು ಒಣ ಉಸುಕು ಬೇಕು." ಅವರಿಂದ ಈ ಮಾತನ್ನು ವಾಪಸ್ ಹೇಳಿಸಿ.

ದ್ರವ ಕಾಲುವೆಯ ಕಡೆ ಹರಿದಿದ್ದರೆ ನೀರಾವರಿ ಇಲಾಖೆಗೂ ಕೂಡಲೇ ತಿಳಿಯಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದಲೇ ಕುಡಿಯುವ ನೀರಿನ ಕೆರೆ ತುಂಬಿಸಿಕೊಳ್ಳುವ ಊರುಗಳು ಕೆಳಗೆ ಸಾಲಾಗಿ ಇವೆ, ಪಂಪ್ ನಿಲ್ಲಿಸಲು ಅವರಿಗೆ ಸಮಯ ಸಿಗಬೇಕು.

## ಹಂತ 4: ಮೈಮೇಲೆ ಬಿದ್ದವರನ್ನು ನೋಡಿ

ಇಲ್ಲಿ ತಪ್ಪು ಉಲ್ಟಾ ಆಗುತ್ತದೆ. "ಈ ಕೆಮಿಕಲ್‌ಗೆ ನೀರು ಹಾಕಬಾರದು" ಅಂತ ಕಲಿತವರು ಮನುಷ್ಯನ ಮೈಮೇಲೂ ನೀರು ಹಾಕದೆ ನಿಲ್ಲುತ್ತಾರೆ. ಒರೆಸುತ್ತಾ ಕೂರುತ್ತಾರೆ, ಅಷ್ಟರಲ್ಲಿ ಚರ್ಮ ಹೋಗಿರುತ್ತದೆ.

ಕ್ರಮ ಹೀಗೆ. ಮೊದಲು ಹೊಗೆಯಿಂದ ಹೊರಗೆ. ಅವರು ಹೊಗೆಯೊಳಗೆ ಬಿದ್ದಿದ್ದರೆ ಸಿಲಿಂಡರ್ ಸೆಟ್ ಇಲ್ಲದವರು ಒಳಗೆ ನುಗ್ಗಬಾರದು. ಎಷ್ಟೇ ಕರುಳು ಕಿತ್ತು ಬಂದರೂ ನುಗ್ಗಬಾರದು, ಒಬ್ಬರನ್ನು ಎತ್ತಲು ಹೋಗಿ ಇಬ್ಬರು ಮೂವರು ಬೀಳುವುದು ಹೀಗೆಯೇ.

ಬಟ್ಟೆ, ಬೆಲ್ಟ್, ವಾಚ್, ಬೂಟು ಎಲ್ಲಾ ತೆಗೆಯಿರಿ. ಅಂಗಿಯನ್ನು ತಲೆಯ ಮೇಲಿಂದ ಎಳೆಯಬೇಡಿ, ಮುಖಕ್ಕೆ ಹತ್ತುತ್ತದೆ, ಕತ್ತರಿಸಿ ತೆಗೆಯಿರಿ. ಹೆಣ್ಣುಮಕ್ಕಳಾದರೆ ಸುತ್ತ ಬಟ್ಟೆ ಹಿಡಿದು ಮರೆ ಮಾಡಿ, ಆದರೆ ನಾಚಿಕೆಗೆ ಒದ್ದೆ ಬಟ್ಟೆ ಮೈಮೇಲೆ ಉಳಿಸಬೇಡಿ. ಚರ್ಮದ ಮೇಲೆ ದ್ರವ ಕಾಣುವಷ್ಟು ನಿಂತಿದ್ದರೆ ಒಣ ಬಟ್ಟೆಯಿಂದ ಒಂದೆರಡು ಸೆಕೆಂಡಿನಲ್ಲಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಇದಕ್ಕಾಗಿ ನೀರನ್ನು ತಡಮಾಡಬೇಡಿ.

ಆಮೇಲೆ ನೀರು, ಧಾರಾಕಾರ. ಒದ್ದೆ ಕರ್ಚೀಫು, ಒಂದು ಚೊಂಬು, ಅರ್ಧ ಬಾಟಲಿ ಇವು ಅಪಾಯ: ಕಮ್ಮಿ ನೀರು ಬಿಸಿ ಹುಟ್ಟಿಸುತ್ತದೆ, ಜಾಸ್ತಿ ನೀರು ಬಿಸಿಯನ್ನೂ ಆ್ಯಸಿಡ್ಡನ್ನೂ ಹೊತ್ತು ಹೋಗುತ್ತದೆ. ಹರಿಯುವ ನೀರಿನ ಕೆಳಗೆ ಕನಿಷ್ಠ 20 ನಿಮಿಷ. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಅಷ್ಟೇ ಹೊತ್ತು, ಕಾಂಟ್ಯಾಕ್ಟ್ ಲೆನ್ಸ್ ಸುಲಭವಾಗಿ ಬಂದರೆ ತೆಗೆದು. ರಸ್ತೆ ಬದಿಯಲ್ಲಿ ಹೊಲದ ಬೋರ್‌ವೆಲ್ ಪೈಪು ಒಳ್ಳೆಯ ಶವರ್. ಆದರೆ ಚೆಲ್ಲಿದ ಜಾಗದಿಂದ ದೂರ ಇರಲಿ, ತೊಳೆದ ನೀರು ಆ ಕಡೆ ಹರಿಯದಿರಲಿ.

ಅರಿಶಿನ, ಟೂತ್‌ಪೇಸ್ಟ್, ಸುಣ್ಣ, ಎಣ್ಣೆ, ಅಡುಗೆ ಸೋಡಾ ಯಾವುದನ್ನೂ ಗಾಯಕ್ಕೆ ಹಚ್ಚಬೇಡಿ. ನುಂಗಿದ್ದರೆ ವಾಂತಿ ಮಾಡಿಸಬೇಡಿ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿ ಇಟ್ಟು ಊದಬೇಡಿ, ಕೈಯಿಂದ ಒತ್ತಿ ಗಾಳಿ ಕೊಡುವ, ಮಾಸ್ಕ್ ಇರುವ ಬ್ಯಾಗ್ ಬಳಸಿ.

ಇನ್ನೊಂದು ಮಾತು, ಇದನ್ನು ಮರೆತು ಜೀವ ಕಳೆದುಕೊಂಡವರಿದ್ದಾರೆ. ಹೊಗೆ ಕುಡಿದವರು ಸ್ವಲ್ಪ ಕೆಮ್ಮಿ, ಆಮೇಲೆ ಸರಿಹೋದಂತೆ ಕಾಣುತ್ತಾರೆ. ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. "ಆರಾಮ ಇದೀನಿ, ಮನೆಗೆ ಹೋಗ್ತೀನಿ" ಅಂದರೂ ಬಿಡಬೇಡಿ, ಆಸ್ಪತ್ರೆಯಲ್ಲಿ ನಿಗಾ ಇಡಿಸಿ. ಹೋಗುವಾಗ ಕೈಯಲ್ಲಿ ಸುರಕ್ಷತಾ ಪತ್ರದ ಪ್ರತಿ ಕೊಡಿ. ಬರೀ "ಆ್ಯಸಿಡ್ ಬಿದ್ದಿದೆ" ಅಂದರೆ ಡಾಕ್ಟರಿಗೆ ಅರ್ಧ ಕಥೆಯೂ ಸಿಗುವುದಿಲ್ಲ.

## ಹಂತ 5: ಒಳಗೆ ಹೋಗಬೇಕಾ ಅಂತ ನಿರ್ಧಾರ ಮಾಡಿ

ಹೋಗದಿರುವುದೂ ಒಂದು ಸರಿಯಾದ ಉತ್ತರ. ಸೂಟ್ ಇಲ್ಲ, ಜನ ಇಲ್ಲ, ಉಸುಕು ಇಲ್ಲ ಅಂದರೆ ದೂರ ನಿಂತು ಜನರನ್ನು ತಡೆಯುತ್ತಾ ತಂಡ ಬರುವವರೆಗೆ ಕಾಯಿರಿ.

ಹೋಗುವುದಾದರೆ ಇಬ್ಬರು ಒಳಗೆ, ಅದೇ ಸೂಟ್ ಹಾಕಿಕೊಂಡ ಇನ್ನಿಬ್ಬರು ಹೊರಗೆ ಸಿದ್ಧ. ಸಿಲಿಂಡರ್ ಮೇಲೆ 45 ನಿಮಿಷ ಅಂತ ಬರೆದಿದ್ದರೂ ಸಲಿಕೆ ಕೆಲಸ ಮಾಡುವಾಗ ಅಷ್ಟು ಬರುವುದಿಲ್ಲ. ಅದರ ಮೇಲೆ ನಮ್ಮ ಬಿಸಿಲು. 42 ಡಿಗ್ರಿಯಲ್ಲಿ ಗಾಳಿಯಾಡದ ಸೂಟಿನೊಳಗೆ ಮನುಷ್ಯ ಬೇಗ ಸೋಲುತ್ತಾನೆ, ತಲೆ ತಿರುಗಿ ಬಿದ್ದರೆ ಅಲ್ಲೇ ಇನ್ನೊಂದು ಅನಾಹುತ. ಹದಿನೈದು-ಇಪ್ಪತ್ತು ನಿಮಿಷಕ್ಕೆ ವಾಪಸ್ ಕರೆಯಿರಿ, ಹೊರಗಿನವರು ಗಡಿಯಾರ ಹಿಡಿದಿರಲಿ.

## ಹಂತ 6: ನೀರಿನ ದಾರಿ ಮುಚ್ಚಿ, ಸೋರಿಕೆ ನಿಲ್ಲಿಸಿ

ಎಲ್ಲರೂ ದ್ರವದ ಕಡೆಗೇ ನೋಡುತ್ತಾರೆ. ಮೊದಲು ನೋಡಬೇಕಾದ್ದು ಅದು ಹರಿಯುತ್ತಾ ಮುಂದೆ ಯಾವ ನೀರನ್ನು ಮುಟ್ಟುತ್ತದೆ ಅನ್ನುವುದು. ಗಟಾರದ ಬಾಯಿಗೆ ಮ್ಯಾಟ್ ಹಾಕಿ, ಒಣ ಉಸುಕಿನ ಬದು ಕಟ್ಟಿ. ಹತ್ತಿರದ ನಲ್ಲಿ, ಕೂಲಿಂಗ್ ನೀರಿನ ಲೈನ್, ಸ್ಟೀಮ್ ಲೈನ್ ಬಂದ್ ಮಾಡಿ. ಮೇಲೆ ತಾನಾಗೇ ನೀರು ಬಿಡುವ ಸ್ಪ್ರಿಂಕ್ಲರ್ ಇದ್ದರೆ ಅದನ್ನು ಏನು ಮಾಡಬೇಕು ಅಂತ ನಿಮ್ಮ ತುರ್ತು ಯೋಜನೆಯಲ್ಲಿ ಮೊದಲೇ ಬರೆದಿರಬೇಕು.

ಗಂಗಾವತಿ, ಸಿಂಧನೂರು ಕಡೆ ರಸ್ತೆಯ ಅಂಚಿಗೇ ಭತ್ತದ ಗದ್ದೆ, ಕಾಲುದ್ದ ನೀರು. ಅಲ್ಲಿ ಟ್ಯಾಂಕರ್ ಮಗುಚಿದರೆ ರಸ್ತೆಯ ಮೇಲೆ ಬಿದ್ದದ್ದಕ್ಕಿಂತ ಗದ್ದೆಗೆ ಇಳಿದದ್ದು ದೊಡ್ಡ ಅಪಾಯ. ರಸ್ತೆಯ ಅಂಚಿನಲ್ಲಿ ಗರಸು ಸುರಿದು ಬದು ಕಟ್ಟುವುದು ಅಲ್ಲಿ ಎಲ್ಲಕ್ಕಿಂತ ಮೊದಲು. ಎರೆಹೊಲದ ಪಕ್ಕ ಆದರೆ ಬೇಸಿಗೆಯ ಬಿರುಕುಗಳು ದ್ರವವನ್ನು ಆಳಕ್ಕೆ ನುಂಗಿಬಿಡುತ್ತವೆ, ಕೆಳಗಿನ ತೇವಕ್ಕೆ ತಾಗಿ ಹೊತ್ತುಗಟ್ಟಲೆ ಹೊಗೆ ಬರುತ್ತಲೇ ಇರುತ್ತದೆ. ಬಿರುಕಿನ ಕಡೆ ಹರಿಯಲು ಬಿಡಬೇಡಿ.

ಆಮೇಲೆ ಸೋರಿಕೆ. ವಾಲ್ವ್ ತಿರುಗಿಸಿ ನಿಲ್ಲುವುದಾದರೆ ನಿಲ್ಲಿಸಿ. ಡ್ರಮ್ಮಿನ ತೂತು ಮೇಲಕ್ಕೆ ಬರುವ ಹಾಗೆ ಉರುಳಿಸಿದರೆ ದ್ರವದ ಬದಲು ಆವಿ ಮಾತ್ರ ಬರುತ್ತದೆ. ಡ್ರಮ್ ಉಬ್ಬಿದ್ದರೆ, ಮುಟ್ಟದೆಯೂ ಬಿಸಿ ಹೊಡೆಯುತ್ತಿದ್ದರೆ, ಬುಸ್ ಅಂತ ಸದ್ದು ಬಂದರೆ ಒಳಗೆ ತೇವ ಸೇರಿದೆ ಅಂತ ತಿಳಿಯಿರಿ. ಅದನ್ನು ಅಲುಗಿಸಬೇಡಿ, ಬುಚ್ಚು ತೆರೆಯಬೇಡಿ, ಹಿಂದೆ ಬನ್ನಿ.

## ಹಂತ 7: ಒಣ ಉಸುಕು ಹೊದಿಸಿ, ಮೇಲೆ ತಾಡಪತ್ರಿ

ಅಂಚಿನಿಂದ ಶುರು ಮಾಡಿ ಒಳಗೆ ಬನ್ನಿ. ನಡುವೆ ಎತ್ತಿ ಎಸೆದರೆ ಸಿಡಿಯುತ್ತದೆ. ಗಾಳಿ ನಿಮ್ಮ ಬೆನ್ನಿಗೆ ಇರಲಿ. ಮೇಲೆ ಒದ್ದೆ ಕಲೆ ಕಾಣದಷ್ಟು ದಪ್ಪವಾಗಿ ಹಾಕಿ, ಕಲೆ ಮತ್ತೆ ಬಂದರೆ ಮತ್ತೆ ಹಾಕಿ. ಪೂರ್ತಿ ಮುಚ್ಚಿದ ಮೇಲೆ ತಾಡಪತ್ರಿ ಹೊದಿಸಿ ಅಂಚಿಗೆ ಭಾರ ಇಡಿ. ಮಳೆ ಹನಿಯುತ್ತಿದ್ದರೆ ತಾಡಪತ್ರಿಯೇ ಮೊದಲು, ಉಸುಕು ಅದರ ಕೆಳಗೆ ಆಮೇಲೆ. ಜುಲೈ-ಆಗಸ್ಟಿನ ತೇವದ ಗಾಳಿಯೊಂದೇ ಸಾಕು ಹೊಗೆ ಏಳಲು.

ಏನು ಹಾಕಬಾರದು ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಕೈಗೆ ಸುಲಭವಾಗಿ ಸಿಗುವುದು ಅವೇ.

ಭತ್ತದ ಹೊಟ್ಟು ಮತ್ತು ಕಟ್ಟಿಗೆ ಪುಡಿ: ಬೇಡ. ಎಣ್ಣೆ ಹೀರಲು ಸರಿ, ಇದಕ್ಕೆ ಅಲ್ಲ. ಒಳಗೆ ತೇವ ಇರುತ್ತದೆ, ಓಲಿಯಂ ಅಥವಾ ಕ್ಲೋರೋಸಲ್ಫೋನಿಕ್ ಆ್ಯಸಿಡ್ ತಾಗಿದರೆ ಸುಟ್ಟು ಕರಕಾಗಿ ಬೆಂಕಿಯೇ ಹತ್ತಬಹುದು. ಕಾಟನ್ ವೇಸ್ಟ್, ಗೋಣಿಚೀಲ, ಹಳೆ ಬಟ್ಟೆ ಇದೇ ಸಾಲಿಗೆ ಸೇರಿದವು.

ಸುಣ್ಣದ ನೀರು: ಬೇಡ. "ಆ್ಯಸಿಡ್‌ಗೆ ಸುಣ್ಣ" ಅನ್ನುವುದು ಎಲ್ಲರ ಬಾಯಲ್ಲೂ ಇದೆ, ಆದರೆ ಸುಣ್ಣದ ನೀರಿನಲ್ಲಿ ಇರುವುದು ಬಹುಪಾಲು ನೀರೇ ಅಲ್ವಾ? ಸುಟ್ಟ ಸುಣ್ಣದ ಕಲ್ಲು ತಾನೇ ತೇವಕ್ಕೆ ಕುದಿಯುವ ವಸ್ತು, ಅದೂ ಬೇಡ. ಕಾಸ್ಟಿಕ್ ದ್ರಾವಣವೂ ಹೀಗೆಯೇ, ಸುರಿದರೆ ಸಿಡಿದು ಮುಖಕ್ಕೆ ಬರುತ್ತದೆ.

ಫೋಮ್: ಮಾಮೂಲಿ ಫೋಮಿನಲ್ಲೂ ಹೆಚ್ಚಿನದು ನೀರು. ಯಾವುದು ನಡೆಯುತ್ತದೆ ಅನ್ನುವ ನಿರ್ಧಾರ ಅಗ್ನಿಶಾಮಕದ ತಜ್ಞರಿಗೆ ಬಿಡಿ.

## ನಡುವೆ ಬೆಂಕಿ ಹತ್ತಿದರೆ

ಸಣ್ಣ ಬೆಂಕಿಗೆ ಡ್ರೈ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್. ದೊಡ್ಡದಾದರೆ ನೀವು ಹೊರಗೆ ಬನ್ನಿ. ಅಗ್ನಿಶಾಮಕದವರು ದೊಡ್ಡ ಬೆಂಕಿಗೆ ತುಂಬಾ ನೀರು ಬಳಸುವ ನಿರ್ಧಾರ ಮಾಡಬಹುದು, ನೋಡಿ ಗಾಬರಿಯಾಗಬೇಡಿ. ಪಕ್ಕದ ಡ್ರಮ್‌ಗಳನ್ನು ಹೊರಗಿನಿಂದ ತಣಿಸುವುದೂ ಬೇಕಾಗುತ್ತದೆ. ಒಳಗೆ ನೀರು ಹೋಗದ ಹಾಗೆ ನೋಡಿಕೊಳ್ಳುವುದು ಅಲ್ಲಿನ ಸೂಕ್ಷ್ಮ.

## ಹಂತ 8: ಎತ್ತಿ ತುಂಬುವುದು

ಹೊಗೆ ತಗ್ಗಿದ ಮೇಲೆ, ಸೆಟ್ ಹಾಕಿಕೊಂಡೇ, ಕಿಡಿ ಹಾರದ ಸಲಿಕೆಯಿಂದ ಎತ್ತಿ ಒಣ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ. ಅರ್ಧಕ್ಕಿಂತ ಸ್ವಲ್ಪ ಮೇಲೆ ಸಾಕು, ಬಾಯಿವರೆಗೆ ಬೇಡ.

ಮುಚ್ಚಳ ಬಿಗಿ ಮಾಡಬೇಡಿ, ಸಡಿಲ ಇಡಿ. ಅಚ್ಚುಕಟ್ಟಾಗಿ ಕೆಲಸ ಮುಗಿಸುವವರೇ ಹೆಚ್ಚಾಗಿ ಮಾಡುವ ತಪ್ಪು ಇದು. ಉಸುಕಿನೊಳಗೆ ಉಳಿದ ತೇವದಿಂದ ಅನಿಲ ಹುಟ್ಟುತ್ತಲೇ ಇರುತ್ತದೆ, ಬಿಗಿ ಮುಚ್ಚಿದ ಡ್ರಮ್ ರಾತ್ರಿ ಸಿಡಿಯಬಹುದು. ಬರೀ ಕಬ್ಬಿಣದ ಡ್ರಮ್ಮೂ ಬೇಡ. ತೇವ ಸೇರಿದ ಆ್ಯಸಿಡ್ ಕಬ್ಬಿಣ ತಿಂದು ಹೈಡ್ರೋಜನ್ ಬಿಡುತ್ತದೆ, ಅದು ಹೊತ್ತಿ ಉರಿಯುವ ಅನಿಲ. ಡ್ರಮ್‌ಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ಮಳೆ ಬೀಳದ ಕಡೆ ಇಡಿ, ಮೇಲೆ ಹೆಸರು ಮತ್ತು ತಾರೀಕು ಬರೆಯಿರಿ.

## ಹಂತ 9: ನೆಲ ಮತ್ತು ಸೂಟ್ ಶುದ್ಧ ಮಾಡಿ

ಎತ್ತಿದ ಮೇಲೆ ನೆಲಕ್ಕೆ ಅಂಟಿದ ತೆಳು ಪದರ ಉಳಿಯುತ್ತದೆ. ಅದರ ಮೇಲೆ ಒಣ ಸೋಡಾ ಆಶ್ ತೆಳ್ಳಗೆ ಉದುರಿಸಿ, ಅಂಚಿನಿಂದಲೇ. ನೊರೆ ಬರುತ್ತದೆ, ಬಿಸಿ ಆಗುತ್ತದೆ. ನೊರೆ ನಿಂತ ಮೇಲೆ ಮತ್ತೆ ಸ್ವಲ್ಪ. ಏನೂ ವರ್ತನೆ ಕಾಣದಿದ್ದಾಗ ಮಾತ್ರ ನೀರು, ಆಗ ಜಾಸ್ತಿ ನೀರು. ಆ ನೀರು ಗಟಾರಕ್ಕಲ್ಲ, ಸಂಗ್ರಹದ ಗುಂಡಿಗೆ. ಪಿಎಚ್ ಕಾಗದದಲ್ಲಿ ನೋಡಿ ಮುಂದಿನದು ನಿರ್ಧರಿಸಿ.

ನೆಲ ಕಡಪಾ ಅಥವಾ ಶಹಾಬಾದ್ ಕಲ್ಲಿನದ್ದಾದರೆ ಇನ್ನೂ ಹುಷಾರು. ಅವು ಸುಣ್ಣಕಲ್ಲಿನ ಜಾತಿ, ಆ್ಯಸಿಡ್ ತಾಗಿದರೆ ನೊರೆ ಬಂದು ಸವೆಯುತ್ತವೆ. ಸಂದಿಗಳಲ್ಲಿ ದ್ರವ ಇಳಿದು ಕೂತಿರುತ್ತದೆ, ಮರುದಿನ ನೆಲ ತೊಳೆಯುವವರಿಗೆ ಅದರ ಏಟು. ಅನುಮಾನ ಇದ್ದ ಕಲ್ಲನ್ನು ಎಬ್ಬಿಸಿ ನೋಡಿ. ನೆಲ ತೊಳೆಯುವ ಅಕ್ಕಂದಿರಿಗೆ, ಗುತ್ತಿಗೆ ಕೆಲಸದವರಿಗೆ "ಈ ಜಾಗಕ್ಕೆ ನೀರು ಹಾಕಬೇಡಿ" ಅಂತ ಬಾಯಿ ಬಿಟ್ಟು ಹೇಳಿ, ಬೋರ್ಡ್ ಒಂದೇ ಸಾಲದು.

ಒಳಗೆ ಹೋಗಿ ಬಂದವರ ಸೂಟಿನ ಮೇಲಿನ ಹನಿಯನ್ನು ಮೊದಲು ಒಣ ಬಟ್ಟೆಯಿಂದ ಒತ್ತಿ ತೆಗೆದು, ಆಮೇಲೆ ತುಂಬಾ ನೀರಿನಿಂದ ತೊಳೆಯಿರಿ. ತೊಳೆದು ಮುಗಿಯುವವರೆಗೆ ಮುಖದ ಮಾಸ್ಕ್ ತೆಗೆಯಬಾರದು.

## ಹಂತ 10: ವರದಿ, ಕಸ, ಖಾಲಿ ಡ್ರಮ್

ದೊಡ್ಡ ಅವಘಡವಾದರೆ ಅಪಾಯಕಾರಿ ರಾಸಾಯನಿಕಗಳ 1989ರ ನಿಯಮದಂತೆ 48 ಗಂಟೆಯೊಳಗೆ ಸಂಬಂಧಪಟ್ಟ ಇಲಾಖೆಗೆ ವರದಿ ಹೋಗಬೇಕು. ಅದೇ ನಿಯಮ ಆರು ತಿಂಗಳಿಗೊಮ್ಮೆ ಕಾರ್ಖಾನೆಯೊಳಗೆ ಅಣಕು ಕಾರ್ಯಾಚರಣೆ ಮಾಡಿ ಅನ್ನುತ್ತದೆ. ಮುಂದಿನ ಸಲ ಮಾಡುವಾಗ ಬರೀ ಸೈರನ್ ಊದಿ ಫೋಟೋ ತೆಗೆಸಿಕೊಳ್ಳಬೇಡಿ. ಉಸುಕಿನ ಡ್ರಮ್ ತೆರೆಸಿ ನೋಡಿ, ಸಿಲಿಂಡರ್ ಒತ್ತಡ ನೋಡಿ, ರಾತ್ರಿ ಪಾಳಿಯಲ್ಲೂ ಒಮ್ಮೆ ಮಾಡಿ.

ಎತ್ತಿದ ಉಸುಕು ಅಪಾಯಕಾರಿ ತ್ಯಾಜ್ಯ. ಪರವಾನಗಿ ಇರುವವರಿಗೇ ಕೊಡಬೇಕು, ಹಳ್ಳದ ದಂಡೆಗೆ, ಹಳೆ ಕಲ್ಲುಗಣಿಯ ಗುಂಡಿಗೆ ಸುರಿಯುವಂತಿಲ್ಲ.

ಖಾಲಿ ಡ್ರಮ್ ವಿಷಯವೂ ಅಷ್ಟೇ ಮುಖ್ಯ. ನೀರಿಗೆ ಬರ ಇರುವ ನಮ್ಮ ಊರುಗಳಲ್ಲಿ ಹಳೆ ಪ್ಲಾಸ್ಟಿಕ್ ಡ್ರಮ್ ಕೊಂಡು ನೀರು ತುಂಬಿಡುವ ಮನೆ ಎಷ್ಟೋ. ಅಡಿಯಲ್ಲಿ ಒಂದು ಲೋಟ ಉಳಿದಿದ್ದರೂ ಮನೆಯವರು ತೊಳೆಯಲು ನೀರು ಸುರಿದಾಗ ಮುಖಕ್ಕೆ ಆವಿ ಹೊಡೆಯುತ್ತದೆ, ಬಗ್ಗಿ ನೋಡುತ್ತಿರುವ ಮಕ್ಕಳಿಗೆ ಮೊದಲು. ಕಾರ್ಖಾನೆಯವರು ಇಂಥ ಡ್ರಮ್ಮನ್ನು ಗುಜರಿಗೆ ಹಾಕಬಾರದು, ತೂತು ಮಾಡಿ ತ್ಯಾಜ್ಯದ ಜೊತೆ ಕಳಿಸಬೇಕು. ಆ ತೂತು ಮಾಡುವ ಕೆಲಸವೂ ಡ್ರಮ್ ಶುದ್ಧವಾದ ಮೇಲೆ, ಸೆಟ್ ಹಾಕಿದ ಕೆಲಸಗಾರರಿಂದ. ಕೊಳ್ಳುವವರು ಲೇಬಲ್ ಕಿತ್ತ ಡ್ರಮ್ ಕೊಳ್ಳಬೇಡಿ. ಈಗಾಗಲೇ ಮನೆಗೆ ತಂದಿದ್ದರೆ, ಬುಚ್ಚು ಬಿಚ್ಚಿದಾಗ ಘಾಟು ಬಂದರೆ, ನೀರು ಹಾಕದೆ ಹಾಗೆಯೇ ಮುಚ್ಚಿ ಮನೆಯಿಂದ ದೂರ ನೆರಳಿನಲ್ಲಿ ಇಟ್ಟು 101ಕ್ಕೆ ಫೋನ್ ಮಾಡಿ.